ನಕ್ಷೆಯಲ್ಲಿ ಮಂಡಿ ಕೆಂಪು, ಹೊಲ ಖಾಲಿ

ಮುಂದಿನ ಅಪರಾಧ ಎಲ್ಲಿ ನಡೆಯಬಹುದು ಅಂತ ಹಳೆಯ ಕೇಸುಗಳಿಂದ ಲೆಕ್ಕ ಹಾಕಿ ಪೊಲೀಸರಿಗೆ ಮಾಡಿಕೊಟ್ಟ ಒಂದು ನಕ್ಷೆಯ ಕಥೆ ಇದು. ನಡೆದದ್ದು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ, ಠಾಣೆಯ ಹೆಸರೂ ಹೇಳುವುದಿಲ್ಲ. ಒಂದು ಟೊಮ್ಯಾಟೊ ಮಂಡಿ, ಒಂದು ಬಸ್ ಸ್ಟ್ಯಾಂಡ್, ಮಂಡಿ ಹಿಂದೆ ಹಮಾಲರ ಕಾಲೋನಿ, ಸುತ್ತ ಕೊಳವೆಬಾವಿ ನಂಬಿಕೊಂಡ ಹಳ್ಳಿಗಳು. ಇಷ್ಟು ಗೊತ್ತಿದ್ದರೆ ಸಾಕು. ನಾನು ಅಲ್ಲಿನ ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಈ ಪ್ರಕರಣದಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಹಾಗಾಗಿ ದೂರ ನಿಂತು ನೋಡಿದವನ ವರದಿ ಅಂತ ಇದನ್ನು ಓದಬೇಡಿ.

ಪೆನ್‌ಡ್ರೈವ್

ಒಂದು ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿ ಮನೆಗೆ ಬಂದ. ಈಗ ಅವನು ಪಿಎಸ್‌ಐ. ಬಿಎಸ್ಸಿಯಲ್ಲಿ ಲೆಕ್ಕ ಚೆನ್ನಾಗಿ ಮಾಡುತ್ತಿದ್ದ ಹುಡುಗ. ಕಾಫಿ ಕುಡಿದು, ಜೇಬಿನಿಂದ ಪೆನ್‌ಡ್ರೈವ್ ತೆಗೆದು ಟೀಪಾಯಿ ಮೇಲಿಟ್ಟ.

"ಸಾರ್, ಐದು ವರ್ಷದ ಕೇಸೆಲ್ಲ ಇದ್ರಲ್ಲಿದೆ. ರಾತ್ರಿ ಬೀಟು ಎಲ್ಲಿಗೆ ಹಾಕಿದ್ರೆ ಕಳ್ಳತನ ತಪ್ಪುತ್ತೆ ಅಂತ ನಿಮ್ಮ ಲೆಕ್ಕದಲ್ಲಿ ಗೊತ್ತಾಗುತ್ತಲ್ವಾ?"

ಅವನ ಕಷ್ಟ ಸುಳ್ಳಲ್ಲ. ಠಾಣೆಯಲ್ಲಿ ಇರುವ ಜನವೇ ಕಡಿಮೆ. ಅವರಲ್ಲಿ ಕೆಲವರು ಕೋರ್ಟ್ ಡ್ಯೂಟಿ, ಕೆಲವರು ಜಾತ್ರೆ ಬಂದೋಬಸ್ತು, ಒಬ್ಬರು ಸಮನ್ಸ್ ಹಿಡಿದು ಊರೂರು ತಿರುಗುವುದು. ರಾತ್ರಿಗೆ ಉಳಿಯುವವರು ನಾಲ್ಕೈದು ಮಂದಿ. ಹಳ್ಳಿಗಳೋ ಹತ್ತಾರು. ಬೀಟ್ ಪುಸ್ತಕಕ್ಕೆ ಸಹಿ ಹಾಕಿ ಮುಂದಿನ ಪಾಯಿಂಟಿಗೆ ಹೋಗುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಇರುವ ನಾಲ್ಕು ಜನರನ್ನು ಎಲ್ಲಿ ನಿಲ್ಲಿಸಿದರೆ ಉಪಯೋಗ ಅಂತ ಯೋಚಿಸುವ ಅಧಿಕಾರಿಯನ್ನು ಬೈಯುವುದು ಹೇಗೆ?

ನಾನು ಒಪ್ಪಿಕೊಂಡೆ. ಖುಷಿಯಿಂದಲೇ ಒಪ್ಪಿಕೊಂಡೆ ಅಂತಲೂ ಹೇಳಬೇಕು. ಮೂವತ್ತು ವರ್ಷ ಬೋರ್ಡ್ ಮೇಲೆ ನಾಣ್ಯ ಚಿಮ್ಮಿಸಿದವನಿಗೆ ನಿಜವಾದ ಅಂಕಿ ಕೈಗೆ ಸಿಕ್ಕಿತ್ತು.

ಮೊದಲ ತಪ್ಪು ಅಲ್ಲೇ ಆಯಿತು. ನನಗೆ ಹೊಳೆದದ್ದು ತಿಂಗಳುಗಳಾದ ಮೇಲೆ. ಆ ಪೆನ್‌ಡ್ರೈವ್‌ನಲ್ಲಿ ದೂರು ಕೊಟ್ಟವರ ಹೆಸರು, ತಂದೆ ಹೆಸರು, ವಯಸ್ಸು, ಫೋನ್ ನಂಬರು ಇದ್ದವು. ಆರೋಪಿಗಳದ್ದೂ ಇದ್ದವು. ಕೆಲವದರಲ್ಲಿ ಜಾತಿಯೂ ಇತ್ತು. ಸೈಕಲ್ ಹೋಯಿತು ಅಂತ ಠಾಣೆಗೆ ಹೋದ ಮನುಷ್ಯನ ವಿವರ ಕಾಲೇಜು ಮೇಷ್ಟ್ರ ಮನೆಯ ಟೀಪಾಯಿಗೆ ಬರಬಹುದು ಅಂತ ಆತನಿಗೆ ಯಾರು ಹೇಳಿದ್ದರು? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಕೂಡ ಬಂತು. ಅಪರಾಧ ತಡೆಯಲು, ಪತ್ತೆ ಮಾಡಲು ಮಾಹಿತಿ ಬಳಸಿದರೆ ಅದರ ಬಹುಪಾಲು ಕಟ್ಟುಪಾಡುಗಳಿಂದ ವಿನಾಯಿತಿ ಅಂತ ಆ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಇದೆ. ಬೀಗ ಜೋರಾಗಿದೆ, ಪೊಲೀಸರ ಪಾಲಿಗೆ ಬಾಗಿಲು ಮಾತ್ರ ಅರ್ಧ ತೆರೆದೇ ಇದೆ.

ಕೆಂಪು ಚುಕ್ಕೆಗಳು

ಎರಡು ವಾರ ಕೂತು ನಕ್ಷೆ ಮಾಡಿದೆ. ಊರನ್ನೂ ಹಳ್ಳಿಗಳನ್ನೂ ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಕೇಸಿಗೆ ಒಂದು ಚುಕ್ಕೆ ಇಟ್ಟು, ಚುಕ್ಕೆ ಜಾಸ್ತಿ ಇದ್ದ ಚೌಕಕ್ಕೆ ಕೆಂಪು ಬಣ್ಣ. ಇದು ನನ್ನ ಸ್ವಂತ ಬುದ್ಧಿಯೇನೂ ಅಲ್ಲ. ಅಮೆರಿಕದಲ್ಲಿ ಪ್ರೆಡ್‌ಪೋಲ್ ಎಂಬ ಸಾಫ್ಟ್‌ವೇರ್ ಇದೇ ಕೆಲಸ ಮಾಡುತ್ತಿತ್ತು. 500 ಅಡಿ ಉದ್ದ, 500 ಅಡಿ ಅಗಲದ ಚೌಕಗಳು, ಪಾಳಿ ಪಾಳಿಗೂ ಹೊಸ ನಕ್ಷೆ. ಭೂಕಂಪ ಆದ ಮೇಲೆ ಸುತ್ತಮುತ್ತ ಸಣ್ಣ ಸಣ್ಣ ಕಂಪನ ಆಗುತ್ತವಲ್ಲ, ಅದನ್ನು ಲೆಕ್ಕ ಹಾಕುವ ಗಣಿತವನ್ನೇ ಅವರು ಕಳ್ಳತನಕ್ಕೆ ತಂದಿದ್ದರು. ಒಂದು ಮನೆಗೆ ಕನ್ನ ಬಿದ್ದರೆ ಪಕ್ಕದ ಮನೆಗೂ ಸದ್ಯದಲ್ಲೇ ಬೀಳಬಹುದು ಎಂಬ ಅಂದಾಜು. ಯಾವ ಅಪರಾಧ, ಎಲ್ಲಿ, ಯಾವಾಗ, ಈ ಮೂರೇ ಸಂಗತಿ ಬಳಸುತ್ತೇವೆ, ಯಾರ ಹೆಸರೂ ಬೇಡ, ಹಾಗಾಗಿ ಪಕ್ಷಪಾತದ ಮಾತೇ ಬರುವುದಿಲ್ಲ ಎಂಬುದು ಅವರ ವಾದವಾಗಿತ್ತು. ನಾನೂ ಅದನ್ನೇ ನಂಬಿದ್ದೆ.

ನನ್ನ ನಕ್ಷೆಯಲ್ಲಿ ಮೂರು ಕಡೆ ಕಡುಗೆಂಪು ಬಂತು. ಬಸ್ ಸ್ಟ್ಯಾಂಡ್, ಮಂಡಿ, ಮಂಡಿ ಹಿಂದಿನ ಕಾಲೋನಿ. ಹಳ್ಳಿಗಳ ಕಡೆ ಅಲ್ಲಲ್ಲಿ ತೆಳು ಹಳದಿ. ಹೊಲ ತೋಟ ಎಲ್ಲ ಬಿಳಿ.

ಪಿಎಸ್‌ಐ ನೋಡಿ ಖುಷಿಪಟ್ಟ. "ನಮ್ ಏಡು ಮಾಮಂದಿರು ಬಾಯಲ್ಲಿ ಹೇಳ್ತಿದ್ದದ್ದನ್ನ ನೀವು ಬಣ್ಣದಲ್ಲಿ ಹೇಳಿದ್ರಿ ಸಾರ್" ಅಂದ. ಏಡು ಮಾಮ ಅಂದರೆ ಹೆಡ್ ಕಾನ್ಸ್ಟೇಬಲ್. ಆ ಮಾತು ಹೊಗಳಿಕೆ ಅಂದುಕೊಂಡೆ. ಅದರಲ್ಲೇ ಎಚ್ಚರಿಕೆ ಇತ್ತು. ಮೊದಲೇ ಗೊತ್ತಿದ್ದದ್ದನ್ನೇ ನಕ್ಷೆ ಹೇಳುತ್ತಿದೆ ಎಂದರೆ, ಆ "ಗೊತ್ತಿದ್ದದ್ದು" ನಕ್ಷೆಯ ಒಳಗೆ ಎಲ್ಲಿಂದ ಬಂತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ರಾತ್ರಿ ಬೀಟು ಮಂಡಿ ಕಾಲೋನಿಗೆ ಬಿತ್ತು. ನಕ್ಷೆಯ ಪ್ರಿಂಟು ಠಾಣೆಯ ಗೋಡೆಗೆ ಹತ್ತಿತು.

ಹುಡುಗ

ಮಂಡಿ ಊರಿನಲ್ಲಿ ರಾತ್ರಿ ಎಂದರೆ ಬೇರೆಯದೇ ಲೆಕ್ಕ. ಬೇರೆಯವರಿಗೆ ಮಲಗುವ ಹೊತ್ತು, ಇಲ್ಲಿ ಕೆಲಸದ ಹೊತ್ತು. ಹಳ್ಳಿಯಿಂದ ಟೆಂಪೋದಲ್ಲಿ ಟೊಮ್ಯಾಟೊ ಬಂದು ಇಳಿಯುವುದು, ಬೆಳಗಿನ ಹರಾಜಿಗೆ ಬಾಕ್ಸ್ ಜೋಡಿಸುವುದು, ದೂರದೂರಿನ ಲಾರಿಗೆ ಲೋಡ್ ಮಾಡುವುದು. ಹಮಾಲರು, ಡ್ರೈವರ್‌ಗಳು, ಟೀ ಮಾರುವವರು, ಹಳೆ ಕ್ರೇಟ್ ಆಯುವ ಹೆಂಗಸರು ರಾತ್ರಿ ಎರಡು ಗಂಟೆಗೆ ರಸ್ತೆಯಲ್ಲಿ ಇರುತ್ತಾರೆ. ಅವರಿಗೆ ಅದು ಬೆಳಗ್ಗೆ.

ಕಾಲೋನಿಯ 19 ವರ್ಷದ ಹುಡುಗನೊಬ್ಬ ಹೀಗೆ ಕೆಲಸಕ್ಕೆ ನಡೆದು ಹೋಗುವಾಗ ಬೀಟಿನವರ ಕೈಗೆ ಸಿಕ್ಕ. ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಅಂತ ಕೇಳಿದರು. ಮಂಡಿಗೆ ಅಂದ. ಗುರುತಿನ ಚೀಟಿ ಇರಲಿಲ್ಲ. ಬೆರಳಚ್ಚು ನೋಡುವ ಯಂತ್ರಕ್ಕೆ ಬೆರಳು ಒತ್ತಿಸಿದರು, ಯಾವ ದಾಖಲೆಯೂ ಬರಲಿಲ್ಲ. ಆದರೂ ಫೋಟೊ ತೆಗೆದರು, ಠಾಣೆಗೆ ಕರೆದುಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ಅನುಮಾನಾಸ್ಪದ ಓಡಾಟ ಅಂತ ಒಂದು ಪೆಟ್ಟಿ ಕೇಸ್ ಆಗಿತ್ತು. ರಾತ್ರಿ ಹೊತ್ತು ಹೀಗೆ ಸಿಕ್ಕವರ ಮೇಲೆ ಕ್ರಮ ತೆಗೆದುಕೊಳ್ಳಲು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಅವಕಾಶ ಇದೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಟೀ ಕೊಡಿಸಿದರಂತೆ ಕೂಡ.

ಎರಡು ವಾರದೊಳಗೆ ಅದೇ ಹುಡುಗ ಇನ್ನೆರಡು ಸಲ ಸಿಕ್ಕ. ಮೂರನೇ ಸಲ ಬೆರಳು ಒತ್ತಿದಾಗ ದಾಖಲೆ ಬಂತು, ಮೊದಲ ಸಲದ್ದು. ಆಗ ಅವನ ಹೆಸರು ಠಾಣೆಯ ನಿಗಾ ಪಟ್ಟಿಗೆ ಸೇರಿತು.

ಇದೆಲ್ಲ ನನಗೆ ಗೊತ್ತಾದದ್ದು ಅವನ ತಾಯಿಯಿಂದ. ಆಕೆ ನಮ್ಮ ಕಾಲೇಜಿನಲ್ಲಿ ಕಸ ಗುಡಿಸುತ್ತಾರೆ. "ಮೇಷ್ಟ್ರೇ, ಆ ಎಸ್ಸೈ ನಿಮ್ ಶಿಷ್ಯ ಅಂತಲ್ಲ, ವಸಿ ಹೇಳಿ. ನಮ್ ಹುಡ್ಗ ಬಾಕ್ಸ್ ಎತ್ತಕ್ಕೆ ಓಯ್ತಾನೆ, ಕಳ್ತನ ಮಾಡಕ್ಕಲ್ಲ" ಅಂದರು. ಬೀಟು ಅಲ್ಲಿಗೆ ಬಂದದ್ದು ನನ್ನ ನಕ್ಷೆಯಿಂದ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಆವತ್ತು ಹೇಳಲೂ ಇಲ್ಲ.

ಚುಕ್ಕೆ ಅಂದರೆ ಏನು

ಆ ರಾತ್ರಿ ಫೈಲು ಮತ್ತೆ ತೆಗೆದೆ. ಈ ಸಲ ಬಣ್ಣ ನೋಡಲಿಲ್ಲ, ಒಂದೊಂದೇ ಸಾಲು ಓದಿದೆ. ಮೊದಲೇ ಮಾಡಬೇಕಿದ್ದ ಕೆಲಸ.

ಮಂಡಿ ಕಾಲೋನಿಯ ಚುಕ್ಕೆಗಳಲ್ಲಿ ಬಹಳಷ್ಟಕ್ಕೆ ದೂರು ಕೊಟ್ಟವರು ಊರಿನವರಲ್ಲ, ಪೊಲೀಸರೇ. ಬೀಟಿನ ಪೇದೆಯೇ ಫಿರ್ಯಾದಿ. ರಾತ್ರಿ ಓಡಾಟ, ಬೀದಿಯಲ್ಲಿ ಕುಡಿದದ್ದು, ಇಸ್ಪೀಟು, ಇಂಥವು. ಯಾರದೋ ಮನೆಗೆ ನುಗ್ಗಿದ್ದು, ಯಾರದೋ ಗಾಡಿ ಕದ್ದದ್ದು ಅಂತ ತೆಗೆದರೆ ಕಾಲೋನಿ ಊರಿನ ಬೇರೆ ಬೀದಿಗಳ ಹಾಗೆಯೇ ಇತ್ತು. ಅಂದರೆ ಅಲ್ಲಿ ಕೆಂಪು ಬಂದದ್ದು ಕಳ್ಳರು ಓಡಾಡಿದ್ದಕ್ಕಲ್ಲ, ಪೊಲೀಸರು ಓಡಾಡಿದ್ದಕ್ಕೆ. ಇಸ್ಪೀಟು ಕ್ಲಬ್ಬಿನಲ್ಲೂ ಆಡುತ್ತಾರೆ. ಅಲ್ಲಿಗೆ ರಾತ್ರಿ ಬೀಟು ಹೋಗುವುದಿಲ್ಲ, ಚುಕ್ಕೆಯೂ ಬೀಳುವುದಿಲ್ಲ.

ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. ಎರಡು ಬೀದಿ ಇವೆ ಅಂದುಕೊಳ್ಳಿ. ಎರಡರಲ್ಲೂ ತಿಂಗಳಿಗೆ ಸರಿಯಾಗಿ 10 ತಪ್ಪು ನಡೆಯುತ್ತವೆ. ಯಾವುದೋ ಕಾರಣಕ್ಕೆ ಹಳೆಯ ದಾಖಲೆಯಲ್ಲಿ ಮೊದಲ ಬೀದಿಗೆ 6, ಎರಡನೆಯದಕ್ಕೆ 4 ಇದೆ. ಬೀಟು ಮೊದಲ ಬೀದಿಗೆ ಹೋಗುತ್ತದೆ. ಪೊಲೀಸರು ಇದ್ದ ಕಡೆ ಹತ್ತರಲ್ಲಿ 8 ಕಣ್ಣಿಗೆ ಬೀಳುತ್ತವೆ, ಇಲ್ಲದ ಕಡೆ 3 ಮಾತ್ರ ದಾಖಲಾಗುತ್ತವೆ. ತಿಂಗಳಾದ ಮೇಲೆ 14 ಮತ್ತು 7. ಇನ್ನೊಂದು ತಿಂಗಳಿಗೆ 22 ಮತ್ತು 10. ಮತ್ತೊಂದಕ್ಕೆ 30 ಮತ್ತು 13. ಬೀದಿಗಳು ಒಂದೇ ಥರ ಇದ್ದವು, ಈಗಲೂ ಒಂದೇ ಥರ ಇವೆ. ದಾಖಲೆ ಮಾತ್ರ ಒಂದನ್ನು ಕಳ್ಳರ ಬೀದಿ ಮಾಡಿಬಿಟ್ಟಿತು. ಮತ್ತೆ ಆ ದಾಖಲೆ ನೋಡಿದವರು "ನೋಡಿ, ಬೀಟು ಹಾಕಿದ್ದಕ್ಕೇ ಇಷ್ಟು ಸಿಕ್ಕಿದ್ದು" ಅನ್ನುತ್ತಾರೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಪೋಲ್ಯಾ ಮಡಕೆ ಅಂತ ಒಂದು ಹಳೆಯ ಆಟ ಇದೆ. ಮಡಕೆಯಲ್ಲಿ ಕೆಂಪು, ಕಪ್ಪು ಗೋಲಿ. ಒಂದು ತೆಗೆಯಿರಿ, ಅದನ್ನು ವಾಪಸ್ ಹಾಕಿ ಅದೇ ಬಣ್ಣದ ಇನ್ನೊಂದು ಸೇರಿಸಿ. ಶುರುವಿನಲ್ಲಿ ಬಂದ ಬಣ್ಣವೇ ಬೆಳೆಯುತ್ತಾ ಹೋಗುತ್ತದೆ. ಅಪರಾಧ ಮುನ್ಸೂಚನೆಯ ಯಂತ್ರಗಳೂ ಹೀಗೆಯೇ ತಮ್ಮ ಬಾಲ ತಾವೇ ಹಿಡಿದು ಸುತ್ತುತ್ತವೆ ಅಂತ 2018ರಲ್ಲಿ ಕೆಲವು ಸಂಶೋಧಕರು ಇದೇ ಮಡಕೆಯ ಗಣಿತದಿಂದ ತೋರಿಸಿದರು. ಆ ಮಡಕೆಯ ಪಾಠವನ್ನು ನಾನು ವರ್ಷಾ ವರ್ಷ ಮಾಡಿದ್ದೇನೆ. ಪರೀಕ್ಷೆಗೆ ಪ್ರಶ್ನೆಯೂ ಹಾಕಿದ್ದೇನೆ.

ಅದಕ್ಕೂ ಎರಡು ವರ್ಷ ಮುಂಚೆ, 2016ರಲ್ಲಿ, ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ ಎಂಬಿಬ್ಬರು ಅಮೆರಿಕದ ಓಕ್‌ಲ್ಯಾಂಡ್ ಊರಿನ ಮಾದಕ ವಸ್ತು ಕೇಸುಗಳನ್ನು ಪ್ರೆಡ್‌ಪೋಲ್ ಗಣಿತಕ್ಕೆ ಕೊಟ್ಟು ನೋಡಿದ್ದರು. ಮಾದಕ ವಸ್ತು ಬಳಸುವವರು ಊರಿನ ಎಲ್ಲ ಕಡೆ ಇದ್ದರು. ಯಂತ್ರ ಮಾತ್ರ ಮತ್ತೆ ಮತ್ತೆ ಕಪ್ಪು ಜನರ, ಬಡವರ ಬಡಾವಣೆಗಳಿಗೇ ಪೊಲೀಸರನ್ನು ಕಳಿಸುತ್ತಿತ್ತು. ಅಲ್ಲಿಯ ಹಳೆ ಕೇಸು ಜಾಸ್ತಿ ಇದ್ದವಲ್ಲ, ಅದಕ್ಕೆ.

ಬಿಳಿ ಹೊಲ

ಇದು ಕೆಂಪಿನ ಕಥೆ. ನನ್ನನ್ನು ಜಾಸ್ತಿ ಕಾಡಿದ್ದು ಬಿಳಿ.

ನಮ್ಮ ಕಡೆ ರೈತರನ್ನು ಕೇಳಿದರೆ ಕಳ್ಳತನ ಅಂದ ತಕ್ಷಣ ಹೇಳುವುದು ಕೇಬಲ್. ಕೊಳವೆಬಾವಿಯ ಮೋಟರ್ ಕೇಬಲ್ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋಗುತ್ತಾರೆ. ಮೇಲಿನ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆದು ಗುಜರಿಗೆ ಹಾಕುತ್ತಾರೆ. ಹೊಲದ ಬದುವಿನಲ್ಲಿ ಸುಟ್ಟ ಕಪ್ಪು ಗುರುತು ಕಂಡರೆ ಯಾರದೋ ಬೆಳೆ ಒಣಗಿತು ಅಂತ ಅರ್ಥ. ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಈ ಸೀಮೆಯಲ್ಲಿ ನೀರು ಸಿಕ್ಕವನ ಕೇಬಲ್ ಹೋದರೆ ಅವನ ಪಾಡು ಕೇಳಬೇಡಿ.

ಇಷ್ಟು ದೊಡ್ಡ ಕಳ್ಳತನ ನನ್ನ ನಕ್ಷೆಯಲ್ಲಿ ಯಾಕೆ ಇಲ್ಲ? ಹಾಲಿನ ಡೇರಿ ಹತ್ತಿರ ನಿಂತು ಕೇಳಿದೆ. ಒಬ್ಬರು ಯಜಮಾನರು ನಕ್ಕರು. "ಕಂಪ್ಲೇಂಟು ಕೊಡಕ್ಕೆ ಓದ್ರೆ ಒಂದಿನ ಓಯ್ತದೆ, ಸಾಹೇಬ್ರು ಇಲ್ಲ ನಾಳೆ ಬಾ ಅಂದ್ರೆ ಇನ್ನೊಂದಿನ. ಅಷ್ಟೊತ್ಗೆ ಟಮಾಟ ಒಣಗೋಯ್ತದೆ. ಸಾಲ ಮಾಡಿ ಕೇಬಲ್ ತಂದು ಆಕೋದೇ ವಾಸಿ." ದೂರು ಬಂದು, ಅದು ಸಂಜ್ಞೇಯ ಅಪರಾಧವೆಂದು, ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧವೆಂದು ಕಂಡರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಆದರೆ ದೂರೇ ಬರದಿದ್ದರೆ?

ಹಾಗಂತ ಒಂದೂ ದೂರು ಬಂದಿರಲಿಲ್ಲ ಅಂತಲ್ಲ. ಕೆಲವು ಬಂದಿದ್ದವು. ಅವು ನಕ್ಷೆಯಲ್ಲಿ ಬೀಳದಿರಲು ಕಾರಣ ಬೇರೆ ಯಾರೂ ಅಲ್ಲ, ನಾನೇ. ಎಫ್‌ಐಆರ್ ನಮೂನೆಯಲ್ಲಿ ಘಟನೆ ನಡೆದ ಜಾಗಕ್ಕೆ ಒಂದು ಕಲಂ ಇರುತ್ತದೆ. ಠಾಣೆಯಿಂದ ಯಾವ ದಿಕ್ಕು, ಎಷ್ಟು ದೂರ, ಯಾವ ಬೀಟು. ಊರೊಳಗಿನ ಕೇಸಿಗೆ ಇಂಥ ಬೇಕರಿ ಎದುರು, ಇಂಥ ಕ್ರಾಸ್ ಅಂತ ವಿಳಾಸವೂ ಇರುತ್ತದೆ. ಹೊಲದ ಕೇಸಿಗೆ ಇಂಥ ಗ್ರಾಮದ ಜಮೀನು, ಪೂರ್ವಕ್ಕೆ ಇಷ್ಟು ಕಿಲೋಮೀಟರ್, ಅಷ್ಟೇ. ನಕ್ಷೆಯಲ್ಲಿ ಚುಕ್ಕೆ ಎಲ್ಲಿಡುವುದು? "ಸರಿಯಾದ ಜಾಗ ಸಿಗದ" ಸಾಲುಗಳನ್ನೆಲ್ಲ ನಾನು ಮೊದಲ ದಿನವೇ ಅಳಿಸಿದ್ದೆ. ಡೇಟಾ ಕ್ಲೀನ್ ಮಾಡುವುದು ಅಂತ ನಾವು ಇದಕ್ಕೆ ಹೇಳುತ್ತೇವೆ. ಅಂದು ನಾನು ಕ್ಲೀನ್ ಮಾಡಿದ್ದು ರೈತರನ್ನು.

ಇನ್ನೊಂದು ತಮಾಷೆ ಕೂಡ ಕಂಡಿತು. ನಕ್ಷೆ ಜುಲೈ ತಿಂಗಳನ್ನು ಅಪಾಯದ ತಿಂಗಳು ಅಂತ ಗುರುತಿಸಿತ್ತು. 2023ರ ಜುಲೈ ನೆನಪಿದೆ ತಾನೆ? ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ರೈತರು ಟಾರ್ಚ್ ಹಿಡಿದು ತೋಟ ಕಾದಿದ್ದರು. ಆ ಒಂದು ವರ್ಷದ ಗಲಾಟೆಯನ್ನು ಯಂತ್ರ ಜುಲೈ ತಿಂಗಳ ಗುಣ ಅಂತ ಕಲಿತುಕೊಂಡಿತ್ತು. ರೇಟು ಬಿದ್ದು ರೈತರೇ ರಸ್ತೆಗೆ ಸುರಿಯುವ ವರ್ಷ ಟೊಮ್ಯಾಟೊ ಕದಿಯುವವರು ಯಾರು? ಯಂತ್ರಕ್ಕೆ ಟೊಮ್ಯಾಟೊ ರೇಟು ಗೊತ್ತಿಲ್ಲ, ತಾಮ್ರದ ರೇಟೂ ಗೊತ್ತಿಲ್ಲ. ಎರಡೂ ಗೊತ್ತಿರುವುದು ಗುಜರಿ ಅಂಗಡಿಯವನಿಗೆ, ಮಂಡಿಯವನಿಗೆ.

ಜಗಳ ಅಲ್ಲ, ವಾದ

ಪಿಎಸ್‌ಐನನ್ನು ಮನೆಗೆ ಕರೆದೆ. ಎಲ್ಲ ತೋರಿಸಿದೆ. ಅವನು ಸುಮ್ನೆ ತಲೆಯಾಡಿಸುವ ಪೈಕಿ ಅಲ್ಲ, ವಾದ ಮಾಡಿದ. ಅವನ ವಾದದಲ್ಲಿ ತೂಕ ಇತ್ತು, ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

"ಸಾರ್, ನಕ್ಷೆ ಇಲ್ದೇ ಇದ್ರೂ ನಾವು ಕಾಲೋನಿಗೇ ಹೋಗ್ತಿದ್ವಿ. ಮೊದಲಿಂದ ಅಲ್ಲೇ ಹೋಗೋದು. ನಕ್ಷೆ ಹೊಸದಾಗಿ ಏನ್ ಕೆಡಿಸ್ತು?"

ನಿಜ. ಆದರೆ ಮೊದಲು ಏಡು ಮಾಮ ಕಾಲೋನಿಗೆ ಹೋಗೋಣ ಅಂದರೆ ಯಾಕೆ ಅಂತ ಕೇಳಬಹುದಿತ್ತು. ಆತ ಉತ್ತರ ಕೊಡಬೇಕಿತ್ತು. ಈಗ ಕೇಳಿದರೆ ಗೋಡೆಯ ಕಡೆ ಕೈ ತೋರಿಸುತ್ತಾರೆ. ಗೋಡೆಯನ್ನು ಯಾರು ಏನು ಕೇಳುವುದು? ಹುಡುಗನ ತಾಯಿ ಠಾಣೆಗೆ ಹೋದಾಗ ಸಿಕ್ಕ ಉತ್ತರವೂ ಅದೇ. "ಕಂಪ್ಯೂಟರ್‌ನಲ್ಲಿ ನಿಮ್ಮ ಏರಿಯಾ ಬಂದಿದೆಯಮ್ಮ."

"ಒಂದೊಂದು ಜಾಗದಲ್ಲಿ ಅಪರಾಧ ಜಾಸ್ತಿ ಆಗೋದು ಸುಳ್ಳಾ ಸಾರ್?" ಅಂದ. ಸುಳ್ಳಲ್ಲ. ಅಮೆರಿಕದ ಮಿನ್ಯಾಪೊಲಿಸ್ ಊರಿನಲ್ಲಿ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಊರಿನ ಸುಮಾರು 3 ಶೇಕಡಾ ವಿಳಾಸಗಳಿಂದಲೇ ಬಂದಿದ್ದವು ಅಂತ ಲಾರೆನ್ಸ್ ಶರ್ಮನ್ ಮತ್ತು ಜೊತೆಗಾರರು 1989ರಲ್ಲೇ ಬರೆದರು. ಗಮನಿಸಿ, ಅವರು ಎಣಿಸಿದ್ದು ಜನ ತಾವಾಗಿ ಮಾಡಿದ ಕರೆಗಳನ್ನು, ಪೊಲೀಸರು ಹಿಡಿದ ಜನರನ್ನಲ್ಲ. ನಮ್ಮ ಬಸ್ ಸ್ಟ್ಯಾಂಡ್‌ನ ಕೆಂಪು ಕೂಡ ಹಾಗೇ, ಜೇಬು ಕತ್ತರಿಸಿಕೊಂಡವರೇ ಬಂದು ಕೊಟ್ಟ ದೂರು. ಆ ಕೆಂಪಿನ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿಗೆ ಪೇದೆಯನ್ನು ಹಾಕಲಿ.

ಆಮೇಲೆ ಅವನು ಕೇಳಿದ್ದು ನನಗೆ ಕಸಿವಿಸಿ ಮಾಡಿತು. ಜಾಗದ ನಕ್ಷೆ ಬೇಡವಾದರೆ ಆಸಾಮಿಗಳದ್ದೇ ಒಂದು ಪಟ್ಟಿ ಮಾಡಿಕೊಡಿ, ಯಾರು ಮುಂದೆ ಕೈಹಾಕಬಹುದು ಅಂತ ನಂಬರ್ ಹಾಕಿ, ಅಂದ. ಮೇಲಿನವರಿಗೂ ಅದು ಇಷ್ಟವಾಗುತ್ತದಂತೆ.

ಷಿಕಾಗೋ ಪೊಲೀಸರು ಇದನ್ನು ಮಾಡಿ ನೋಡಿದ್ದಾರೆ. ಯಾರು ಗುಂಡೇಟಿಗೆ ಸಿಕ್ಕಬಹುದು, ಯಾರು ಹಾರಿಸಬಹುದು ಅಂತ ಜನರಿಗೆ ಅಂಕ ಕೊಡುವ ಪಟ್ಟಿ. ಕೊನೆಕೊನೆಗೆ ಸುಮಾರು 4 ಲಕ್ಷ ಜನರ ಹೆಸರಿಗೆ ಅಂಕ ಇತ್ತು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2016ರಲ್ಲಿ ಮೊದಲ ಪಟ್ಟಿಯನ್ನು ಪರಿಶೀಲಿಸಿದಾಗ ಪಟ್ಟಿಯಲ್ಲಿದ್ದವರು ಗುಂಡೇಟಿನಿಂದ ಉಳಿದದ್ದೇನೂ ಕಾಣಲಿಲ್ಲ. ಗುಂಡು ಹಾರಾಟದ ಕೇಸುಗಳಲ್ಲಿ ಬಂಧನಕ್ಕೆ ಸಿಕ್ಕುವ ಸಾಧ್ಯತೆ ಮಾತ್ರ ಅವರಿಗೆ ಜಾಸ್ತಿ ಆಗಿತ್ತು. 2019ರಲ್ಲಿ ಅದನ್ನು ನಿಲ್ಲಿಸಿದರು.

ನಮಗೆ ಷಿಕಾಗೋ ಯಾಕೆ ಬೇಕು ಹೇಳಿ. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದ ಕಾನೂನು ಈ ದೇಶದಲ್ಲಿ 1871ರಲ್ಲಿ ಬಂತು. ಊರು ಬಿಡಬೇಕಾದರೆ ಹೇಳಿ ಹೋಗಬೇಕು, ಕರೆದಾಗ ಬಂದು ಹಾಜರಿ ಹಾಕಬೇಕು. ಅದು ರದ್ದಾದದ್ದು 1952ರಲ್ಲಿ. ರದ್ದಾದ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ನಮ್ಮ ರಾಜ್ಯದ್ದು 1961ರಲ್ಲಿ. ಪಟ್ಟಿ ಮಾಡುವ ಕೈಗೆ ಅಭ್ಯಾಸ ಹಳೆಯದು. ಪೆನ್ನು ಹೋಗಿ ಕೀಬೋರ್ಡ್ ಬಂದಿದೆ ಅಷ್ಟೆ. ಹಿಂದುಳಿದ, ಬಡ ಸಮುದಾಯದವರು ಅನ್ನುವ ಒಂದೇ ಕಾರಣಕ್ಕೆ ನಿರಪರಾಧಿಗಳ ಹೆಸರು ಠಾಣೆಯವರು ನಿಗಾ ಇಡಲು ಬರೆದಿಡುವ ಹಿಸ್ಟರಿ ಶೀಟ್‌ಗಳಿಗೆ ಯಾಂತ್ರಿಕವಾಗಿ ಸೇರಬಾರದು ಎಂಬ ಕಾಳಜಿಯನ್ನು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ, ದೆಹಲಿಯ ಒಂದು ಪ್ರಕರಣದಲ್ಲಿ, ತಾನಾಗಿಯೇ ಎಲ್ಲ ರಾಜ್ಯಗಳ ಮುಂದಿಟ್ಟಿತು. 1962ರಷ್ಟು ಹಿಂದೆಯೇ ಖರಕ್ ಸಿಂಗ್ ಪ್ರಕರಣದಲ್ಲಿ, ನಿಗಾದಲ್ಲಿದ್ದವನ ಮನೆಗೆ ರಾತ್ರಿ ಹೋಗಿ ಬಾಗಿಲು ತಟ್ಟುವುದು ಸಂವಿಧಾನಕ್ಕೆ ವಿರುದ್ಧ ಅಂತ ಅದೇ ಕೋರ್ಟ್ ಹೇಳಿತ್ತು.

ಆಸಾಮಿಗಳ ಪಟ್ಟಿ ಮಾಡುವುದಿಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಮಾಡದಿದ್ರೆ ಬೆಂಗಳೂರಿಂದ ಯಾವುದೋ ಕಂಪನಿ ಮಾಡುತ್ತೆ ಸಾರ್. ಅವರು ನಿಮ್ಮ ಥರ ಸಾಲು ಸಾಲು ಓದಲ್ಲ" ಅಂದ. ಇದಕ್ಕೆ ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕಂಪನಿ ಮಾಡಿದ್ದು ಚೆನ್ನಾಗಿರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಪ್ರೆಡ್‌ಪೋಲ್ ಆಮೇಲೆ ಜಿಯೋಲಿಟಿಕಾ ಅಂತ ಹೆಸರು ಬದಲಿಸಿಕೊಂಡಿತು. ಅದು ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್ ಎಂಬ ಊರಿಗೆ 2018ರಲ್ಲಿ ಕೊಟ್ಟ 23,631 ಮುನ್ಸೂಚನೆಗಳನ್ನು ಪತ್ರಕರ್ತರು ಪರಿಶೀಲಿಸಿ 2023ರಲ್ಲಿ ವರದಿ ಮಾಡಿದರು. ದಾಖಲಾದ ಅಪರಾಧಕ್ಕೆ ತಾಳೆಯಾದದ್ದು 100ಕ್ಕೂ ಕಡಿಮೆ, ಅಂದರೆ ಅರ್ಧ ಶೇಕಡಾ ಕೂಡ ಇಲ್ಲ. ಮೊದಮೊದಲು ಅದನ್ನು ಬಳಸಿದ ಊರುಗಳಲ್ಲಿ ಒಂದಾದ ಸಾಂಟಾ ಕ್ರೂಜ್ 2020ರ ಜೂನ್‌ನಲ್ಲಿ ಇಂಥ ಯಂತ್ರಗಳನ್ನೇ ನಿಷೇಧಿಸಿತು. ಲಾಸ್ ಏಂಜಲೀಸ್ ಅದೇ ವರ್ಷ ಏಪ್ರಿಲ್‌ನಲ್ಲೇ ಕೈಬಿಟ್ಟಿತ್ತು. ನಮ್ಮಲ್ಲಿ ದೆಹಲಿ ಪೊಲೀಸರು ಇಸ್ರೋ ನೆರವಿನಿಂದ ಸಿಮ್ಯಾಪ್ಸ್ ಎಂಬ ಅಪರಾಧ ನಕ್ಷೆ ಕಟ್ಟಿದ್ದಾರೆ.

ಡೇರಿಯ ಪುಸ್ತಕ

ಕೊನೆಗೆ ಏನು ಮಾಡಿದೆವು ಅಂತ ಕೇಳಿದರೆ, ದೊಡ್ಡದೇನೂ ಮಾಡಲಿಲ್ಲ.

ಪೊಲೀಸರೇ ಫಿರ್ಯಾದಿಗಳಾದ ಕೇಸನ್ನೆಲ್ಲ ಲೆಕ್ಕದಿಂದ ತೆಗೆದೆ. ಹೆಸರು, ಜಾತಿ, ಫೋನ್ ನಂಬರು ಅಳಿಸಿ, ಮೂಲ ಫೈಲು ವಾಪಸ್ ಕೊಟ್ಟೆ. ಚೌಕ ಕೆಂಪಾಗಿದೆ ಅನ್ನುವುದು ಯಾರನ್ನೂ ತಡೆದು ನಿಲ್ಲಿಸಲು ಕಾರಣವಲ್ಲ ಅಂತ ಹೊಸ ನಕ್ಷೆಯ ಕೆಳಗೆ ದಪ್ಪಕ್ಷರದಲ್ಲಿ ಬರೆದೆ. ಒಬ್ಬರನ್ನು ತಡೆದರೆ ಆ ಮನುಷ್ಯನಲ್ಲಿ ಕಂಡ ಅನುಮಾನ ಏನು ಅಂತ ಪುಸ್ತಕದಲ್ಲಿ ಬರೆಯಬೇಕು ಎನ್ನುವುದಕ್ಕೆ ಪಿಎಸ್‌ಐ ಒಪ್ಪಿದ. ಬರೆಯುವುದು ಬೇಸರದ ಕೆಲಸ, ಹಾಗಾಗಿ ತಡೆಯುವುದೇ ಕಡಿಮೆ ಆಯಿತು ಅಂತ ಏಡು ಮಾಮ ಒಬ್ಬರು ನಗುತ್ತಾ ಹೇಳಿದರು. ನನಗೆ ಅಷ್ಟೇ ಬೇಕಿತ್ತು.

ಹೊಲದ ವಿಷಯಕ್ಕೆ ಪಿಎಸ್‌ಐ ಮಾಡಿದ್ದು ನನಗೆ ಹೊಳೆಯದ ಉಪಾಯ. ಹಳ್ಳಿಯಲ್ಲಿ ಬೆಳಗ್ಗೆ ಎಲ್ಲರೂ ಬಂದೇ ಬರುವ ಜಾಗ ಹಾಲಿನ ಡೇರಿ. ವಾರಕ್ಕೊಂದು ದಿನ ಪೇದೆಯೊಬ್ಬರು ದೂರಿನ ಪುಸ್ತಕ ಹಿಡಿದು ಅಲ್ಲಿ ಕೂರುವುದು. ಹಾಲು ಹಾಕಿ ಬಂದವರು ನಿಂತಲ್ಲೇ ಹೇಳಬಹುದು. ಮೊದಲ ವಾರ ಯಾರೂ ಹತ್ತಿರ ಬರಲಿಲ್ಲ. ಡೇರಿ ಕಾರ್ಯದರ್ಶಿಯ ಕೇಬಲ್ಲೇ ಹೋಗಿತ್ತು, ಅವರು ಬರೆಸಿದರು. ಆಮೇಲೆ ಒಬ್ಬೊಬ್ಬರೇ ಬಂದರು. ಸರ್ವೆ ನಂಬರು ಕೇಳಿ ಬರೆದುಕೊಂಡದ್ದರಿಂದ ಚುಕ್ಕೆ ಎಲ್ಲಿಡುವುದು ಅನ್ನುವ ಕಷ್ಟವೂ ತಪ್ಪಿತು. ಮೂರು ತಿಂಗಳಲ್ಲಿ ನನ್ನ ಬಿಳಿ ಹೊಲಕ್ಕೆ ಬಣ್ಣ ಬಂತು. ಆ ಮೂರು ತಿಂಗಳಲ್ಲಿ ಕಳ್ಳತನ ಹೆಚ್ಚಾಯಿತೇ? ಇಲ್ಲ. ಬರೆಯುವ ಪುಸ್ತಕ ಹತ್ತಿರ ಬಂತು. ಮೇಲಿನ ಕಚೇರಿಗೆ ಮಾತ್ರ ಠಾಣೆಯಲ್ಲಿ ಅಪರಾಧ ಏರಿದೆ ಅಂತಲೇ ಕಂಡಿತು, ಪಿಎಸ್‌ಐಗೆ ವಿವರಣೆ ಕೇಳಿದರು. ಪ್ರಾಮಾಣಿಕವಾಗಿ ಎಣಿಸಿದವನಿಗೆ ಸಿಕ್ಕ ಬಹುಮಾನ ಅದು.

ವರ್ಷ ತುಂಬುವ ಮೊದಲೇ ಅವನಿಗೆ ವರ್ಗ ಆಯಿತು. ವಿವರಣೆಗೂ ವರ್ಗಕ್ಕೂ ಸಂಬಂಧ ಇತ್ತು ಅಂತ ನಾನು ಹೇಳುವುದಿಲ್ಲ, ವರ್ಗ ಎಲ್ಲರಿಗೂ ಆಗುತ್ತದೆ. ಡೇರಿಯಲ್ಲಿ ಕೂರುವುದು ನಿಂತಿತು. ಗೋಡೆಯ ಮೇಲೆ ಯಾರೋ ಹಳೆಯ ನಕ್ಷೆಯನ್ನೇ ಮತ್ತೆ ಹಾಕಿದ್ದಾರೆ, ಪ್ರಿಂಟು ಚೆನ್ನಾಗಿ ಬಂದಿತ್ತಂತೆ.

ಹುಡುಗನ ಹೆಸರು ನಿಗಾ ಪಟ್ಟಿಯಿಂದ ತೆಗೆಸಲು ತಾಯಿ ಜೊತೆ ನಾನೂ ಒಂದು ಅರ್ಜಿ ಬರೆದುಕೊಟ್ಟೆ. ಆಗ ಆಕೆಗೆ ನಕ್ಷೆಯ ವಿಷಯವನ್ನೂ ಹೇಳಿದೆ. ಆಕೆ ಬೈಯಲಿಲ್ಲ. "ನೀವೇನ್ ಮಾಡ್ತೀರ ಬುಡಿ ಮೇಷ್ಟ್ರೇ" ಅಂದರು. ಅದು ಬೈಗುಳಕ್ಕಿಂತ ಭಾರವಾಗಿತ್ತು. ಅರ್ಜಿಗೆ ಹಿಂಬರಹ ಬಂದಿಲ್ಲ. 2022ರ ಗುರುತಿಸುವಿಕೆ ಕಾಯ್ದೆಯ ಪ್ರಕಾರ ಬಂಧಿತರ ಬೆರಳಚ್ಚು, ಫೋಟೊ ಎಲ್ಲ 75 ವರ್ಷ ಇಟ್ಟುಕೊಳ್ಳಬಹುದು. ಈ ಹುಡುಗನದು ಬಂಧನವೇ ಅಲ್ಲ ಅಂತ ಠಾಣೆಯವರು ಹೇಳುತ್ತಾರೆ. ಬಂಧನ ಅಲ್ಲದಿದ್ದರೆ ಬೆರಳು ಒತ್ತಿಸಿಕೊಂಡದ್ದು ಯಾವ ಲೆಕ್ಕಕ್ಕೆ, ಅದನ್ನು ಅಳಿಸಬೇಕಾದವರು ಯಾರು ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಮೇಜು ತೋರಿಸುತ್ತಾರೆ.

ಅವನು ಈಗ ರಾತ್ರಿ ಎರಡಕ್ಕೆ ಮನೆಯಿಂದ ಹೊರಡುವುದಿಲ್ಲ. ಬೀಟು ಶುರುವಾಗುವ ಮುಂಚೆ, ಹತ್ತು ಗಂಟೆಗೇ ಮಂಡಿಗೆ ಬಂದು ಖಾಲಿ ಕ್ರೇಟುಗಳ ಮಧ್ಯೆ ಗೋಣಿಚೀಲ ಹಾಸಿ ಮಲಗುತ್ತಾನೆ. ಕಾಲೋನಿಯ ಇನ್ನೂ ಹಲವು ಹುಡುಗರು ಹಾಗೆಯೇ ಮಾಡುತ್ತಿದ್ದಾರೆ. ಆ ರಸ್ತೆಯಲ್ಲಿ ಈಗ ಚುಕ್ಕೆ ಬೀಳುವುದು ಕಡಿಮೆಯಾಗಿದೆ. ಬೀಟು ಹಾಕಿದ್ದು ಫಲ ಕೊಟ್ಟಿತು ಅಂತ ಠಾಣೆಯಲ್ಲಿ ಎಲ್ಲರೂ ಹೇಳುತ್ತಾರೆ.